ಕೇಬಲ್ಲಿನ ಆ ತುದಿಯವರು

ಡೂಮ್ ಆಟದ ಫೈಲುಗಳ ನಡುವೆ ಐಪಿಎಕ್ಸ್‌ಸೆಟಪ್ ಎಂಬ ಪುಟ್ಟ ಪ್ರೋಗ್ರಾಮೊಂದು ಇರುತ್ತಿತ್ತು. ನಾಲ್ವರು ಸೇರಿ ಆಡಬೇಕೆಂದರೆ ನಾಲ್ಕು ಯಂತ್ರಗಳಲ್ಲೂ ಮೊದಲು ಅದನ್ನು ಓಡಿಸಬೇಕು. ಕಪ್ಪು ಪರದೆಯ ಮೇಲೆ ಒಂದೇ ಮಾತು: ಉಳಿದ ಆಟಗಾರರನ್ನು ಹುಡುಕುತ್ತಿದ್ದೇನೆ, ಬೇಡವಾದರೆ ಎಸ್ಕೇಪ್ ಒತ್ತಿ. ಅದರ ಕೆಳಗೆ ಸೆಕೆಂಡಿಗೊಂದರಂತೆ ಚುಕ್ಕಿ ಬೀಳುತ್ತಾ ಹೋಗುತ್ತದೆ. ಚುಕ್ಕಿ, ಚುಕ್ಕಿ, ಇನ್ನೊಂದು ಚುಕ್ಕಿ. ಪಕ್ಕದವನು ಇನ್ನೂ ಎಂಟರ್ ಒತ್ತಿಲ್ಲವೋ, ಕೇಬಲ್ ಸಡಿಲವಾಗಿದೆಯೋ, ಡ್ರೈವರ್ ಕೈಕೊಟ್ಟಿದೆಯೋ ಏನೂ ತಿಳಿಯದು. ಸಾಲು ತುಂಬುತ್ತಾ ಬರುವಾಗ, ಇದ್ದಕ್ಕಿದ್ದಂತೆ, ಒಂದು ನೋಡ್ ಸಿಕ್ಕಿತು! ಎಂಬ ಸಂದೇಶ. ನೋಡ್ ಎಂದರೆ ತಂತಿಯ ಮೇಲಿನ ಇನ್ನೊಂದು ಯಂತ್ರ. ಆ ಆಶ್ಚರ್ಯಸೂಚಕ ಚಿಹ್ನೆ ನಾನು ಹಾಕಿದ್ದಲ್ಲ. ಬರೆದ ಪ್ರೋಗ್ರಾಮರನೇ ಹಾಕಿದ್ದ. ಅವನಿಗೂ ಖುಷಿಯಾಗಿರಬೇಕು.

ಡೂಮ್ ಬಗ್ಗೆ ಬರೆದವರೆಲ್ಲ ಅದರ ಬೆಳಕು-ಕತ್ತಲೆಯ ಆಟ, ಬಂದೂಕಿನ ಸದ್ದು, ಪರದೆಯ ತುಂಬ ಚೆಲ್ಲಿದ ರಕ್ತ ಇವನ್ನೇ ಹಾಡಿ ಹೊಗಳಿದರು, ಇಲ್ಲವೇ ಬೈದರು. ನನಗೆ ಆ ಆಶ್ಚರ್ಯಸೂಚಕ ಚಿಹ್ನೆಯೇ ಹೆಚ್ಚು. ಆ ಕಾಲದ ನೆಟ್‌ವರ್ಕ್ ಆಟಗಳ ಸೊಗಸು ಪರದೆಯ ಮೇಲೆ ಶುರುವಾಗುತ್ತಿರಲಿಲ್ಲ. ಮೇಜಿನ ಹಿಂಬದಿಯ ದೂಳಿನಲ್ಲಿ, ಬಾಗಿದ ಬೆನ್ನಿನ ನೋವಿನಲ್ಲಿ ಶುರುವಾಗುತ್ತಿತ್ತು. ಕಛೇರಿಗೆ ಮುಂಚೆ ತಂಬೂರಿಯ ಶ್ರುತಿ ಸೇರಿಸುವ ಹೊತ್ತನ್ನು ಕಾಲಹರಣ ಎನ್ನುವವನನ್ನು ಯಾರೂ ರಸಿಕ ಅನ್ನುವುದಿಲ್ಲ. ಬಲ್ಲವರು ಆಗಲೇ ಕಣ್ಣು ಮುಚ್ಚಿ ಕೂತಿರುತ್ತಾರೆ. ಯಂತ್ರಗಳನ್ನು ಜೋಡಿಸುವುದೂ ಅಂಥದ್ದೇ ಒಂದು ಹೊತ್ತು. ಈಗಿನವರು ಒಂದು ಗುಂಡಿ ಒತ್ತಿದರೆ ನೂರು ಜನ ಅಪರಿಚಿತರ ನಡುವೆ ಇಳಿಯುತ್ತಾರೆ. ಅನುಕೂಲ ನಿಜ. ಆದರೆ ಆ ಹೊತ್ತು ಅವರಿಗೆ ದಕ್ಕಿಲ್ಲ.

ಇದರ ಬೇರು ಡೂಮ್‌ಗಿಂತ ಇಪ್ಪತ್ತು ವರ್ಷ ಹಿಂದಿದೆ. 1973ರ ಸುಮಾರಿಗೆ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಕಲಿಯಲು ಬಂದಿದ್ದ ಹುಡುಗರಲ್ಲಿ ಸ್ಟೀವ್ ಕಾಲಿ, ಹೋವರ್ಡ್ ಪಾಮರ್, ಗ್ರೆಗ್ ಥಾಂಪ್ಸನ್ ಎಂಬ ಮೂವರಿದ್ದರು. ಅವರ ಕೈಗೆ ಸಿಕ್ಕಿದ್ದು ಇಮ್ಲಾಕ್ ಪಿಡಿಎಸ್-1 ಎಂಬ, ಗೆರೆಗಳನ್ನಷ್ಟೇ ಬಿಡಿಸಬಲ್ಲ ಯಂತ್ರ. ಆ ಗೆರೆಗಳಲ್ಲೇ ಒಂದು ಚಕ್ರವ್ಯೂಹ ಕಟ್ಟಿ, ಅದರೊಳಗೆ ನಿಂತವನ ಕಣ್ಣಿಗೆ ಕಾಣುವ ಹಾಗೆ ತೋರಿಸಿದರು. ಹೊರಬರುವ ದಾರಿ ಹುಡುಕುವುದೇ ಆಟ. ದಾರಿ ಸಿಕ್ಕಿದ ಮೇಲೆ ಬೇಸರ ಬಂತು. ಆಗ ಎರಡು ಇಮ್ಲಾಕ್‌ಗಳ ನಡುವೆ ಒಂದು ಸೀರಿಯಲ್ ಕೇಬಲ್ ಎಳೆದು, ಇಬ್ಬರು ಒಂದೇ ಓಣಿಗಳಲ್ಲಿ ಓಡಾಡುವಂತೆ ಮಾಡಿದರು. ಗುಂಡು ಹಾರಿಸುವುದು ಆಮೇಲೆ ಬಂದದ್ದು. ಮೇಜ಼್ ವಾರ್ ಹುಟ್ಟಿದ್ದು ಹೀಗೆ.

ಈ ಕ್ರಮ ಗಮನಿಸಬೇಕು. ಮೊದಲು ಚಕ್ರವ್ಯೂಹ, ಆಮೇಲೆ ಇನ್ನೊಬ್ಬ, ಕೊನೆಗೆ ಬಂದೂಕು. ಒಬ್ಬನೇ ಇದ್ದಾಗ ಅದು ಬಿಡಿಸಬೇಕಾದ ಒಗಟು, ಬಿಡಿಸಿದರೆ ಮುಗಿಯಿತು. ಎರಡನೆಯವನು ಕಾಲಿಟ್ಟ ಕ್ಷಣಕ್ಕೆ ಅದೇ ಗೆರೆಗಳು ಒಂದು ಜಾಗವಾಗಿಬಿಡುತ್ತವೆ. ಇಲ್ಲಿ ಬಚ್ಚಿಟ್ಟುಕೊಳ್ಳಬಹುದು, ಅಲ್ಲಿ ಕಾಯಬಹುದು, ಆ ಮೂಲೆಯಲ್ಲಿ ಅವನು ಇದ್ದರೂ ಇರಬಹುದು. ಒಂದು ಗೆರೆಯೂ ಬದಲಾಗಿಲ್ಲ. ಬದಲಾಗಿದ್ದು ಆ ಮೂಲೆಯ ಬಗ್ಗೆ ನಮ್ಮ ಎದೆಯಲ್ಲಿರುವ ಅನುಮಾನ. ಥಾಂಪ್ಸನ್ ಈ ಆಟವನ್ನು ಎಂಐಟಿಗೆ ಕೊಂಡೊಯ್ದ ಮೇಲೆ ಪಿಡಿಪಿ-10 ಕಂಪ್ಯೂಟರಿನ ಆಸರೆಯಲ್ಲಿ ಎಂಟು ಮಂದಿಯವರೆಗೆ ಆಡುವಂತಾಯಿತು. 1977ರ ಹೊತ್ತಿಗೆ ಜ಼ೆರಾಕ್ಸ್ ಕಂಪನಿಯ ಆಲ್ಟೊ ಯಂತ್ರಗಳಲ್ಲಿ, ಆಗಷ್ಟೇ ರೂಪುಗೊಂಡಿದ್ದ ಈಥರ್ನೆಟ್ಟಿನ ಮೇಲೆ ಅದು ಓಡಿತು. ಎದುರಾಳಿ ಕಾಣುತ್ತಿದ್ದದ್ದು ಬರೇ ಒಂದು ಕಣ್ಣುಗುಡ್ಡೆಯಾಗಿ. ಓಣಿಯ ಕೊನೆಯಲ್ಲಿ ತೇಲುತ್ತಾ ನಿಂತ ಒಂದು ಕಣ್ಣುಗುಡ್ಡೆ ನಿಮ್ಮ ಕಡೆ ನಿಧಾನಕ್ಕೆ ತಿರುಗುವುದನ್ನು ಕಲ್ಪಿಸಿಕೊಳ್ಳಿ. ಈಗಿನ ಆಟಗಳು ಬೆವರಿನ ಹನಿಯವರೆಗೂ ಬಿಡಿಸುತ್ತವೆ. ಅಷ್ಟು ಭಯ ಹುಟ್ಟಿಸುವುದಿಲ್ಲ.

ಜೋಡಣೆಯ ವಿಷಯದಲ್ಲಿ ನನ್ನ ಮೆಚ್ಚಿನದು 1987ರ ಮಿಡಿ ಮೇಜ಼್. ಅಟಾರಿ ಎಸ್‌ಟಿ ಎಂಬ ಕಂಪ್ಯೂಟರಿನ ಬೆನ್ನಿಗೆ ಎರಡು ಮಿಡಿ ಕಿಂಡಿಗಳಿದ್ದವು, ಒಂದು ಒಳಕ್ಕೆ, ಒಂದು ಹೊರಕ್ಕೆ. ಅವು ಸಂಗೀತಗಾರರಿಗಾಗಿ, ಸಿಂಥಸೈಜರ್ ಕೀಲಿಮಣೆಗಳನ್ನು ಸೇರಿಸಲಿಕ್ಕೆ ಕೊಟ್ಟಿದ್ದವು. ನೆಟ್‌ವರ್ಕ್ ಕಾರ್ಡಿನ ಬೆಲೆ ಆಗ ಸಾಮಾನ್ಯರ ಕೈಗೆ ಎಟುಕದ್ದು. ಜ಼ಾಂತ್ ಸಾಫ್ಟ್‌ವೇರ್‌ನವರು ಈ ಕಿಂಡಿಗಳ ಮೇಲೆ ಕಣ್ಣು ಹಾಕಿದರು. ಇವನ ಯಂತ್ರದ ಹೊರಗಿಂಡಿಯಿಂದ ಅವನ ಒಳಗಿಂಡಿಗೆ, ಅವನ ಹೊರಗಿಂಡಿಯಿಂದ ಮುಂದಿನವನ ಒಳಗಿಂಡಿಗೆ, ಹೀಗೆ ಸುತ್ತಿ ಬಂದು ಕೊನೆಯವನ ಕೇಬಲ್ಲು ಮೊದಲನೆಯವನಿಗೇ ಸೇರಿದರೆ ಒಂದು ಬಳೆ. ಹದಿನಾರು ಯಂತ್ರಗಳವರೆಗೆ ಆ ಬಳೆಯಲ್ಲಿ ಕೂರಬಹುದು. ಸೆಕೆಂಡಿಗೆ 31,250 ಬಿಟ್ ವೇಗದ ಆ ತಂತಿಯಲ್ಲಿ, ರಾಗ ಹರಿಯಬೇಕಾದ ಕಡೆ, ನಗುಮುಖದ ಉರುಟು ಚೆಂಡುಗಳು ಒಂದನ್ನೊಂದು ಬೇಟೆಯಾಡುತ್ತಿದ್ದವು. ಬಳೆಯ ಗುಣವೇನೆಂದರೆ, ಯಾರೊಬ್ಬರು ಎದ್ದು ಹೋದರೂ ಎಲ್ಲರ ಆಟವೂ ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ದೋಷ ಎನ್ನುತ್ತಾರೆ. ಒಟ್ಟಿಗೆ ಕೂತು ಆಡಿದವರ ಎಣಿಕೆ ಬೇರೆ. ಅಲ್ಲಿ ಯಾರೂ ಹೆಚ್ಚುವರಿ ಆಗಿರುವುದಿಲ್ಲ.

ಈಗ ಡೂಮ್‌ಗೆ ಬರೋಣ. 1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಸ್‌ನ ಮೆಸ್ಕೀಟ್ ಎಂಬ ಊರಿನ ಇಡ್ ಸಾಫ್ಟ್‌ವೇರ್ ಅದನ್ನು ಬಿಡುಗಡೆ ಮಾಡಿತು. ಜಾನ್ ಕಾರ್ಮ್ಯಾಕ್ ಅದರ ಎಂಜಿನ್ ಬರೆದಿದ್ದ, ಜಾನ್ ರೊಮೆರೊ ಅದಕ್ಕೆ ಹುರುಪು ತುಂಬಿದ್ದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿಗೆ ಫೈಲು ಏರಿಸಹೊರಟರೆ, ಕಾದು ನಿಂತಿದ್ದವರ ನೂಕುನುಗ್ಗಲಿನಲ್ಲಿ ಏರಿಸಬೇಕಾದವರಿಗೇ ಒಳಗೆ ಜಾಗವಿರಲಿಲ್ಲ. ಆ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಫೈಲು ಮನೆಗೆ ಬಂದ ಮೇಲಿನ ಕಥೆ ಹೆಚ್ಚು ಸ್ವಾರಸ್ಯದ್ದು.

ಆಗ ಚಾಲ್ತಿಯಲ್ಲಿದ್ದದ್ದು ತೆಳು ಕೋಆಕ್ಸಿಯಲ್ ಕೇಬಲ್. ನೋಡಲಿಕ್ಕೆ ಟೀವಿಯ ಕೇಬಲ್ಲಿನಂತೆಯೇ ಕಪ್ಪಗೆ, ದುಂಡಗೆ. ಪ್ರತಿ ಯಂತ್ರದ ಬೆನ್ನಿಗೂ ಟಿ ಆಕಾರದ ಒಂದು ಲೋಹದ ತುಂಡು. ಅದರ ಒಂದು ತೋಳಿಗೆ ಹಿಂದಿನವನಿಂದ ಬಂದ ಕೇಬಲ್, ಇನ್ನೊಂದು ತೋಳಿಗೆ ಮುಂದಿನವನಿಗೆ ಹೋಗುವ ಕೇಬಲ್. ಬಿಎನ್‌ಸಿ ಕನೆಕ್ಟರನ್ನು ಒತ್ತಿ ಅರ್ಧ ಸುತ್ತಿಗೂ ಕಡಿಮೆ ತಿರುಗಿಸಿದರೆ ಕಟಕ್ ಎಂದು ಕೂರುತ್ತದೆ. ಆ ಸದ್ದು ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಸಾಲಿನ ಎರಡೂ ಕೊನೆಗಳಿಗೆ ಮಾತ್ರ ಟರ್ಮಿನೇಟರ್ ಎಂಬ ಮುಚ್ಚಳ ಹಾಕಬೇಕು. ಒಳಗಿರುವುದು ಬರೇ 50 ಓಮ್‌ನ ಒಂದು ರೆಸಿಸ್ಟರ್. ಅದರ ಕೆಲಸ, ಓಡಿ ಬಂದ ಸಂಕೇತವನ್ನು ಅಲ್ಲೇ ಹೀರಿಕೊಳ್ಳುವುದು. ಇಲ್ಲವಾದರೆ ಸಂಕೇತ ತುದಿಗೆ ಬಡಿದು ಹಿಂದಕ್ಕೆ ಪ್ರತಿಧ್ವನಿಸಿ, ಹೊಸದಾಗಿ ಬರುತ್ತಿರುವುದರ ಮೇಲೆ ಬಿದ್ದು ಎಲ್ಲವನ್ನೂ ಕಲಸಿಬಿಡುತ್ತದೆ. ಒಂದು ಮುಚ್ಚಳ ಕಳಚಿದರೆ ಆ ತುದಿಯವನದು ಮಾತ್ರವಲ್ಲ, ಸಾಲಿನ ಎಲ್ಲರ ನೆಟ್‌ವರ್ಕೂ ಮಲಗುತ್ತದೆ. ಆದ್ದರಿಂದ ರಾತ್ರಿ ನೀರು ಕುಡಿಯಲು ಎದ್ದವನು ಮೇಜಿನ ಹಿಂದೆ ಹಾಯುವಾಗ ಎಲ್ಲರೂ ಆಟ ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದರು.

ತಂತಿ ಸರಿಯಾಯಿತು ಎಂದರೆ ಅರ್ಧ ಕೆಲಸ. ಎನ್‌ಇ2000 ಮಾದರಿಯ ಅಗ್ಗದ ಕಾರ್ಡುಗಳು ಆಗ ಎಲ್ಲೆಡೆ. ಸಿಪಿಯುವನ್ನು ಕರೆಯಲು ಪ್ರತಿ ಕಾರ್ಡಿಗೂ ಒಂದು ಐಆರ್‌ಕ್ಯೂ ಸಂಖ್ಯೆ ಬೇಕು, ಒಂದೇ ಸಂಖ್ಯೆಯನ್ನು ಇಬ್ಬರು ಹಿಡಿದರೆ ಜಗಳ. 3ನ್ನು ಎರಡನೇ ಸೀರಿಯಲ್ ಪೋರ್ಟು ಆಗಲೇ ಹಿಡಿದಿರುತ್ತದೆ, 5ನ್ನು ಸೌಂಡ್ ಕಾರ್ಡು, 7ನ್ನು ಪ್ರಿಂಟರು. ಡಬ್ಬಿಯ ಮುಚ್ಚಳ ಬಿಚ್ಚಿ, ಕಾರ್ಡಿನ ಮೇಲಿನ ಜಂಪರ್ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ತುಂಡನ್ನು ಉಗುರಿನಲ್ಲಿ ಕಿತ್ತು, ಪಕ್ಕದ ಮುಳ್ಳಿನ ಜೋಡಿಗೆ ಹಾಕಿ, ಮತ್ತೆ ಚಾಲೂ ಮಾಡಬೇಕು. ಆಮೇಲೆ ಡಾಸ್‌ನಲ್ಲಿ ಎಲ್‌ಎಸ್‌ಎಲ್, ಎನ್‌ಇ2000, ಐಪಿಎಕ್ಸ್‌ಒಡಿಐ, ಈ ಮೂರು ಡ್ರೈವರುಗಳನ್ನೂ ಇದೇ ವರಸೆಯಲ್ಲಿ ಎಬ್ಬಿಸಬೇಕು. ವರಸೆ ತಪ್ಪಿದರೆ ಒಂದೂ ಏಳುವುದಿಲ್ಲ. ಎಲ್ಲವೂ ಎದ್ದರೂ ಒಮ್ಮೊಮ್ಮೆ ಒಂದು ಯಂತ್ರ ಇನ್ನೊಂದರ ಕಣ್ಣಿಗೆ ಬೀಳದು. ನೋಡಿದರೆ ಒಂದು 802.2 ಎಂಬ ಫ್ರೇಮಿನಲ್ಲಿ ಮಾತಾಡುತ್ತಿದೆ, ಮತ್ತೊಂದು 802.3ರಲ್ಲಿ ಕಿವಿಗೊಟ್ಟಿದೆ. ಇಬ್ಬರೂ ಸರಿ, ಇಬ್ಬರ ಮಾತೂ ಸರಿ, ಆದರೂ ಸಂಬಂಧ ಕುದುರದು. ಇಂಥ ಹೊತ್ತಲ್ಲಿ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಿದ್ದ, ಆಟದಲ್ಲಿ ಸುಮಾರು, ಆದರೆ ನೆಟ್.ಸಿಎಫ್‌ಜಿ ಎಂಬ ಫೈಲನ್ನು ತೆರೆದು ಒಂದು ಸಾಲು ತಿದ್ದಿ ಎಲ್ಲರನ್ನೂ ದಡ ಸೇರಿಸುವವನು. ಅವನನ್ನು ಸೋಲಿಸುವಾಗಲೂ ಸ್ವಲ್ಪ ಗೌರವದಿಂದ ಸೋಲಿಸುವುದು ರೂಢಿ.

ಆಟಕ್ಕೆ ಇಳಿದ ಮೇಲೆ ಒಳಗೆ ನಡೆಯುವುದನ್ನು ನೆನೆದರೆ ನನಗೆ ಈಗಲೂ ಬೆರಗು. ನಾಲ್ಕು ಪರದೆಗಳಲ್ಲೂ ಒಂದೇ ಲೋಕ ಕಾಣುತ್ತದಲ್ಲ, ಆ ಲೋಕ ತಂತಿಯಲ್ಲಿ ಹರಿಯುತ್ತಿರಬೇಕು ಎಂದು ಯಾರಾದರೂ ಎಣಿಸುತ್ತಾರೆ. ಹರಿಯುವುದಿಲ್ಲ. ಗೋಡೆಯಾಗಲಿ, ಬಾಗಿಲಾಗಲಿ, ರಾಕ್ಷಸನಾಗಲಿ, ಗುಂಡಾಗಲಿ ಒಂದೂ ಆ ತಂತಿಯಲ್ಲಿ ಹಾಯುವುದಿಲ್ಲ. ಹಾಯುವುದು ಆಟಗಾರನ ಕೈ ಏನು ಮಾಡಿತು ಎಂಬುದಷ್ಟೇ. ಮುಂದಕ್ಕೋ ಹಿಂದಕ್ಕೋ, ಪಕ್ಕಕ್ಕೆ ಎಷ್ಟು, ತಿರುಗಿದ್ದೆಷ್ಟು, ಗುಂಡಿ ಒತ್ತಿದನೇ ಇಲ್ಲವೇ. ಒಬ್ಬ ಆಟಗಾರನ ಒಂದು ಕ್ಷಣಕ್ಕೆ ಎಂಟು ಬೈಟ್. ಅಂಥ ಕ್ಷಣಗಳು ಸೆಕೆಂಡಿಗೆ 35. ನಾಲ್ವರ ಕೈಚಲನೆಯೂ ನಾಲ್ಕು ಯಂತ್ರಗಳಿಗೂ ತಲುಪಿದ ಮೇಲೆ, ಪ್ರತಿ ಯಂತ್ರವೂ ತನ್ನಷ್ಟಕ್ಕೆ ತಾನು ಇಡೀ ಲೋಕವನ್ನು ಒಂದು ಹೆಜ್ಜೆ ಮುಂದೆ ನಡೆಸುತ್ತದೆ. ಲೆಕ್ಕ ಒಂದೇ ಆದ್ದರಿಂದ ಫಲವೂ ಒಂದೇ. ಯಾರೂ ಯಾರಿಗೂ ಚಿತ್ರ ಕಳಿಸಿಲ್ಲ, ಆದರೂ ನಾಲ್ಕೂ ಕಡೆ ಅದೇ ಬಾಗಿಲು ಅದೇ ಗಳಿಗೆಗೆ ತೆರೆಯುತ್ತದೆ.

ಹಾಗಾದರೆ ದೈವಾಧೀನದ ಗತಿ ಏನು? ಗುಂಡು ಎಷ್ಟು ಗಾಯ ಮಾಡಿತು ಎಂಬುದು ಪ್ರತಿ ಸಲವೂ ಬೇರೆ ಬೇರೆ ಇರಬೇಕಲ್ಲ. ಇದಕ್ಕೆ ಡೂಮ್‌ನಲ್ಲಿ 256 ಸಂಖ್ಯೆಗಳ ಒಂದು ಪಟ್ಟಿ ಇದೆ. ಅದೃಷ್ಟ ಬೇಕಾದಾಗೆಲ್ಲ ಪಟ್ಟಿಯ ಮುಂದಿನ ಸಂಖ್ಯೆ ಎತ್ತಿಕೊಳ್ಳುವುದು, ಮುಗಿದರೆ ಮೊದಲಿನಿಂದ. ನಾಲ್ಕು ಯಂತ್ರಗಳಲ್ಲೂ ಅದೇ ಪಟ್ಟಿ, ಬೆರಳಿಟ್ಟ ಜಾಗವೂ ಅದೇ. ಆಟದ ಗತಿಗೆ ಸಂಬಂಧಿಸದ ಅಲಂಕಾರಗಳಿಗೆ ಬೇರೆ ಬೆರಳು. ಇಲ್ಲವಾದರೆ ಒಬ್ಬನ ಪರದೆಯ ಅಲಂಕಾರಕ್ಕೆ ಸಂಖ್ಯೆಯೊಂದು ಖರ್ಚಾಗಿ ಎಲ್ಲರ ವಿಧಿಯೂ ತಪ್ಪೀತು. 1997ರ ಕೊನೆಯಲ್ಲಿ ಈ ಆಟದ ಮೂಲ ಕೋಡನ್ನು ಇಡ್ ಸಾಫ್ಟ್‌ವೇರ್ ಬಹಿರಂಗ ಮಾಡಿತು. ಕುತೂಹಲವಿದ್ದವರು ಆ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ವಿಧಿಲಿಖಿತ ಎಂಬುದನ್ನು ಇಷ್ಟು ಅಕ್ಷರಶಃ ಬರೆದಿಟ್ಟವರು ಕಡಿಮೆ.

ಪ್ರತಿ ಹೆಜ್ಜೆಗೂ ಒಂದು ತಾಳೆ ನೋಡುವಿಕೆಯೂ ಉಂಟು. ಎಂಟು ಬೈಟಿನಲ್ಲಿ ಎರಡು ಬೈಟು ಅದಕ್ಕೇ ಮೀಸಲು. ಒಂದು ಯಂತ್ರದ ಲೋಕ ಇನ್ನೊಂದರ ಲೋಕದಿಂದ ಕೂದಲೆಳೆಯಷ್ಟು ಸರಿದರೂ ಆಟ ಅಲ್ಲಿಗೇ ನಿಂತು, ಸಾಮರಸ್ಯ ಕೆಟ್ಟಿದೆ ಎಂಬ ಅರ್ಥದ ಸಂದೇಶ ಕೊಟ್ಟು ಡಾಸ್‌ಗೆ ಇಳಿಯುತ್ತದೆ. ಸುಳ್ಳು ಲೋಕದಲ್ಲಿ ಮುಂದುವರಿಯುವುದಕ್ಕಿಂತ ಆಟ ಮುಗಿಸುವುದೇ ಲೇಸು ಎಂಬ ನಿಷ್ಠುರ. ಮತ್ತೆ ಇನ್ನೊಂದು ಗುಣ: ಒಬ್ಬನ ಕೈಚಲನೆ ತಲುಪದೆ ಯಾರ ಲೋಕವೂ ಮುಂದೆ ಸರಿಯುವಂತಿಲ್ಲ. ಮೂವರ ಬಳಿ ಹೊಸ 486 ಇದ್ದು ನಾಲ್ಕನೆಯವನದು ಹಳೇ 386 ಆದರೆ, ಮೂವರೂ ಅವನ ನಡಿಗೆಗೇ ನಡೆಯಬೇಕು. ಬೈಯುತ್ತಿದ್ದರು, ಆದರೆ ನಡೆಯುತ್ತಿದ್ದರು.

ಯಾರಿಗೆ ಯಾವ ಬಣ್ಣ ಎಂಬುದರಲ್ಲೂ ಒಂದು ತಮಾಷೆ. ಹಸಿರು, ಇಂಡಿಗೊ, ಕಂದು, ಕೆಂಪು ಎಂದು ನಾಲ್ಕು ಬಣ್ಣದ ಯೋಧರು. ನಾನು ಹಸಿರು, ನೀನು ಕೆಂಪು ಎಂದು ಹಂಚಿಕೊಳ್ಳುವ ರಗಳೆ ಇರಲಿಲ್ಲ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಸುಟ್ಟು ಬರೆದ ಒಂದು ವಿಳಾಸ ಇರುತ್ತದಲ್ಲ, ಐಪಿಎಕ್ಸ್‌ಸೆಟಪ್ ಆ ವಿಳಾಸಗಳನ್ನು ಹೋಲಿಸಿ ನೋಡಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲು ಹಚ್ಚುತ್ತಿತ್ತು. ಹಾಗಾಗಿ ಅದೇ ಗುಂಪು, ಅದೇ ಯಂತ್ರಗಳು ಕೂಡಿದಾಗೆಲ್ಲ ಒಬ್ಬೊಬ್ಬನಿಗೂ ಅವನವನ ಅದೇ ಬಣ್ಣ. ಜಾತಕದಲ್ಲಿ ಬಂದದ್ದು, ತಪ್ಪಿಸುವಂತಿಲ್ಲ. ಒಂದು ಗುಂಪಿನಲ್ಲಿ ಕಂದು ಎಂದೇ ಹೆಸರಾದವನು ಬೇರೆ ಮನೆಗೆ ಯಂತ್ರ ಹೊತ್ತುಕೊಂಡು ಹೋದರೆ ಅಲ್ಲಿ ಹಸಿರು.

ಇನ್ನು ಆಟ. ಅಲಂಕಾರಶಾಸ್ತ್ರದವರು ಬಂದು ನೋಡಿದ್ದರೆ ಬೀಭತ್ಸ ರಸ ಎಂದು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಪರದೆಯನ್ನಷ್ಟೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಪರದೆಯಲ್ಲಿ ಬೀಭತ್ಸ, ಕೋಣೆಯಲ್ಲಿ ಹಾಸ್ಯ, ಇದೇ ಆ ಆಟದ ನಿಜವಾದ ಸಮ್ಮಿಶ್ರಣ. ರಾಕೆಟ್ ಬಿದ್ದು ಛಿದ್ರವಾದವನು ಎದುರಿನ ಮೇಜಿನಿಂದಲೇ ಕೂಗುತ್ತಾನೆ, ಹೊಡೆದವನು ತಲೆ ಎತ್ತದೆ ನಗುತ್ತಾನೆ. ಡೂಮ್‌ನ ಬಾಗಿಲುಗಳಿಗೆ ಒಂದು ದೊಡ್ಡ ಸದ್ದುಂಟು, ಲಿಫ್ಟಿಗೆ ಇನ್ನೊಂದು. ಗೋಡೆಗೆ ಮುಖ ಮಾಡಿ ಗುಂಡಿ ಒತ್ತಿದರೆ ಯೋಧ ಹೂಂ ಎಂದು ನರಳುತ್ತಾನೆ. ಪಳಗಿದವರು ಕಣ್ಣಿಗಿಂತ ಕಿವಿಯಿಂದಲೇ ಆಡುತ್ತಾರೆ: ಎಡಗಡೆ ಬಾಗಿಲು ತೆರೆಯಿತು, ಅಂದರೆ ಅವನು ಕವಚ ಎತ್ತಿಕೊಳ್ಳಲು ಹೋದ, ವಾಪಸು ಇದೇ ಓಣಿಯಲ್ಲಿ ಬರಬೇಕು. ನಿಂತು ಕಾಯುವುದು. ಕಾಯುವಾಗಿನ ಆ ಎರಡು ಮೂರು ಸೆಕೆಂಡುಗಳು ಎಷ್ಟು ಉದ್ದ! ಯಂತ್ರ ನಡೆಸುವ ರಾಕ್ಷಸನಿಗೆ ಕಾದರೆ ಹೀಗೆ ಎದೆ ಬಡಿದುಕೊಳ್ಳುವುದಿಲ್ಲ. ಆ ಓಣಿಯಲ್ಲಿ ಬರುತ್ತಿರುವವನಿಗೂ ನಾನು ಕಾಯುತ್ತಿರಬಹುದು ಎಂಬ ಅನುಮಾನ ಇರುತ್ತದೆ. ಅನುಮಾನ ಎರಡೂ ಕಡೆ ಇದ್ದಾಗಲೇ ರಸ.

ಆಟದ ಮೊದಲ ಆವೃತ್ತಿಗಳಲ್ಲಿ ಒಂದು ಒರಟುತನ ಇತ್ತು. ನಾಲ್ವರು ಆಡುವಾಗ ಅವರ ಪ್ಯಾಕೆಟ್ಟುಗಳು ಆ ನಾಲ್ವರಿಗಷ್ಟೇ ಹೋಗುತ್ತಿರಲಿಲ್ಲ. ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರದ ಬಾಗಿಲನ್ನೂ ತಟ್ಟುತ್ತಿದ್ದವು. ಲೆಕ್ಕಪತ್ರ ವಿಭಾಗದ ಯಂತ್ರವೂ ಸೆಕೆಂಡಿಗೆ ನೂರಾರು ಸಲ ತನ್ನ ಕೆಲಸ ಬಿಟ್ಟು, ಇದು ನನಗೆ ಬಂದದ್ದೋ ಎಂದು ನೋಡಿ, ಅಲ್ಲವೆಂದು ಎಸೆಯಬೇಕು. ಕಚೇರಿಗಳೂ ವಿಶ್ವವಿದ್ಯಾಲಯಗಳೂ ತತ್ತರಿಸಿ ಆಟವನ್ನೇ ನಿಷೇಧಿಸಿದವು. 1994ರ ಆರಂಭದಲ್ಲಿ ಬಂದ 1.2 ಆವೃತ್ತಿ ಇದನ್ನು ಸರಿಪಡಿಸಿತು, ಮೋಡೆಮ್ ಮೂಲಕ ಆಡುವುದನ್ನೂ ಸೇರಿಸಿತು. ಆಟದ ಒಂದು ಹಳೆಯ ಸೌಲಭ್ಯ ಮಾತ್ರ ಮುಂದಿನ ಆವೃತ್ತಿಗಳಲ್ಲಿ ಕಳೆದುಹೋಯಿತು, ಅದರ ಬಗ್ಗೆ ನನಗೆ ಈಗಲೂ ಹೊಟ್ಟೆಯುರಿ. ಮೂರು ಯಂತ್ರಗಳನ್ನು ಜೋಡಿಸಿ, ನಡುವಿನದರಲ್ಲಿ ಎದುರಿನ ನೋಟ, ಅಕ್ಕಪಕ್ಕದವುಗಳಲ್ಲಿ ಎಡಬಲದ ನೋಟ ಇಟ್ಟುಕೊಂಡು ಒಬ್ಬನೇ ಆಡಬಹುದಿತ್ತು. ಮೂರು ಕಂಪ್ಯೂಟರನ್ನು ಒಬ್ಬನ ಕುತ್ತಿಗೆ ತಿರುಗಿಸುವ ಸುಖಕ್ಕೆ ಬಳಸುವಷ್ಟು ಧಾರಾಳಿಗಳು ಲೋಕದಲ್ಲಿ ಎಷ್ಟು ಜನ ಇದ್ದರೋ, ಆದರೂ ಬರೆದಿಟ್ಟಿದ್ದರಲ್ಲ.

ಎಲ್ಲರೂ ಒಂದೇ ಲೆಕ್ಕ ಮಾಡಿ ಒಂದೇ ಲೋಕ ಕಾಣುವ ಈ ವಿದ್ಯೆಯ ಇನ್ನೊಂದು ಶಿಖರ 1997ರ ಏಜ್ ಆಫ್ ಎಂಪೈರ್ಸ್. ಎಂಟು ಆಟಗಾರರು, ನೂರಾರು ಸೈನಿಕರು, ಅದೂ 28.8 ಮೋಡೆಮಿನ ತೆಳ್ಳನೆಯ ದಾರಿಯಲ್ಲಿ. ಸೈನಿಕರ ಸ್ಥಾನ ಕಳಿಸಹೊರಟರೆ ದಾರಿ ಸಾಲದು. ಆದ್ದರಿಂದ ಅಪ್ಪಣೆಗಳನ್ನು ಮಾತ್ರ ಕಳಿಸಿದರು. ಅದನ್ನು ಕಟ್ಟಿದವರು ಮುಂದೆ ಬರೆದ ಲೇಖನದಲ್ಲಿ ಒಂದು ಜಿಂಕೆಯ ಪ್ರಸಂಗ ಬರುತ್ತದೆ. ನಕ್ಷೆ ಹುಟ್ಟುವಾಗ ಒಂದು ಯಂತ್ರದಲ್ಲಿ ಜಿಂಕೆ ಒಂದಿಷ್ಟು ಓರೆಯಾಗಿ ನಿಂತಿದ್ದರೆ ಸಾಕು, ಅದು ಮೇಯುವ ದಾರಿ ಬೇರೆಯಾಗುತ್ತದೆ. ಕೆಲವು ನಿಮಿಷಗಳ ನಂತರ ಬೇಟೆಗಾರನ ಈಟಿ ಅಲ್ಲಿ ಗುರಿ ತಪ್ಪಿ ಅವನು ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಇನ್ನೊಂದು ಯಂತ್ರದಲ್ಲಿ ಮಾಂಸ ಬಂದಿದೆ. ಅಲ್ಲಿಂದ ಎರಡು ಚರಿತ್ರೆಗಳು ಕವಲೊಡೆಯುತ್ತವೆ. ದೋಷ ಪತ್ತೆಯ ವರದಿಯಲ್ಲಿ ಇಷ್ಟು ಕಾವ್ಯ ಸಿಗುವುದು ಅಪರೂಪ.

1996ರ ಜೂನ್‌ನಲ್ಲಿ ಬಂದ ಕ್ವೇಕ್ ಬೇರೆ ದಾರಿ ಹಿಡಿಯಿತು. ಸರ್ವರ್ ಎಂಬ ಒಬ್ಬ ಯಜಮಾನ, ಅವನು ಹೇಳಿದ್ದೇ ಲೋಕ. ನಾನು ಕೀಲಿ ಒತ್ತಿದ್ದು ಯಜಮಾನನಿಗೆ ತಲುಪಿ, ಅಪ್ಪಣೆ ವಾಪಸು ಬಂದ ಮೇಲೆ ನನ್ನ ಕಾಲು ಏಳಬೇಕು. ಒಂದೇ ಕೋಣೆಯ ಕೇಬಲ್ಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಮೋಡೆಮಿನಲ್ಲಿ ಕೆಸರಿನಲ್ಲಿ ನಡೆದ ಹಾಗೆ. ಆ ವರ್ಷದ ಕೊನೆಗೆ ಕಾರ್ಮ್ಯಾಕ್ ಕ್ವೇಕ್‌ವರ್ಲ್ಡ್ ಬರೆದು, ಅಪ್ಪಣೆಗೆ ಕಾಯದೆ ನನ್ನ ಯಂತ್ರವೇ ಊಹಿಸಿ ಹೆಜ್ಜೆ ಇಡುವಂತೆ ಮಾಡಿದ. ಊಹೆ ತಪ್ಪಿದರೆ ಆಮೇಲೆ ಮೆಲ್ಲಗೆ ತಿದ್ದಿಕೊಳ್ಳುವುದು. ಜಾಣತನಕ್ಕೆ ಎರಡು ಮಾತಿಲ್ಲ, ಇಂದಿನ ಇಂಟರ್ನೆಟ್ ಆಟಗಳಲ್ಲಿ ಬಹಳಷ್ಟು ನಿಂತಿರುವುದು ಈ ಉಪಾಯದ ಮೇಲೆಯೇ. ಆದರೆ ಅಂದಿನಿಂದ ಇಬ್ಬರು ಆಟಗಾರರು ನೋಡುವುದು ಒಂದೇ ಲೋಕವಲ್ಲ, ಒಂದಕ್ಕೊಂದು ಹತ್ತಿರದ ಎರಡು ಲೋಕಗಳು. ಗೋಡೆಯ ಹಿಂದೆ ಸೇರಿದ ಮೇಲೂ ಗುಂಡು ತಗುಲಿತು ಎಂದು ಗೊಣಗುವವರು ಸುಳ್ಳು ಹೇಳುತ್ತಿಲ್ಲ. ಅವರ ಲೋಕದಲ್ಲಿ ಅವರು ಗೋಡೆಯ ಹಿಂದೆಯೇ ಇದ್ದರು. ನನ್ನ ಮತ ಡೂಮ್‌ನ ನಿಷ್ಠುರಕ್ಕೆ.

ಕನ್ನಡ ನಾಡಿನ ಹೆಚ್ಚಿನವರಿಗೆ ಈ ರುಚಿ ಹತ್ತಿದ್ದು ಸ್ವಲ್ಪ ತಡವಾಗಿ, 2000ದ ಆಸುಪಾಸಿನಲ್ಲಿ, ಸೈಬರ್ ಸೆಂಟರುಗಳಲ್ಲಿ ಮತ್ತು ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ. ಇಂಟರ್ನೆಟ್ಟು ಆಮೆ, ಆದರೆ ಕೋಣೆಯೊಳಗಿನ ಲ್ಯಾನ್ ಕುದುರೆ. ಕ್ವೇಕ್‌ನ ಎಂಜಿನ್ ತಿದ್ದಿ ಹಾಫ್-ಲೈಫ್ ಆಗಿತ್ತು, ಹಾಫ್-ಲೈಫನ್ನು ತಿದ್ದಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು 1999ರಲ್ಲಿ ಕೌಂಟರ್-ಸ್ಟ್ರೈಕ್ ಮಾಡಿದ್ದರು. ನಮ್ಮ ಹುಡುಗರಿಗೆ ಅದು ಬರೇ ಸಿಎಸ್. ಆ ಹೊತ್ತಿಗೆ ಕೋಆಕ್ಸಿಯಲ್ ಹೋಗಿ ಕ್ಯಾಟ್5 ಬಂದಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮೀಟರ್ ಲೆಕ್ಕದಲ್ಲಿ ಕೇಬಲ್, ಮುಷ್ಟಿ ತುಂಬ ಆರ್‌ಜೆ45 ತಲೆಗಳು, ಒಂದು ಕ್ರಿಂಪಿಂಗ್ ಟೂಲ್ ತರುವುದು. ಹೊರ ಸಿಪ್ಪೆ ಸುಲಿದರೆ ಒಳಗೆ ಹೆಣೆದುಕೊಂಡ ಎಂಟು ಎಳೆಗಳು. ಹೆಣಿಗೆ ಬಿಚ್ಚಿ, ನೇರ ಮಾಡಿ, ಆರೆಂಜ್ ವೈಟ್, ಆರೆಂಜ್, ಗ್ರೀನ್ ವೈಟ್, ಬ್ಲೂ, ಬ್ಲೂ ವೈಟ್, ಗ್ರೀನ್, ಬ್ರೌನ್ ವೈಟ್, ಬ್ರೌನ್ ಎಂದು ಬಾಯಿಪಾಠ ಒಪ್ಪಿಸುತ್ತಾ ಜೋಡಿಸಿ, ತುದಿ ಸಮ ಕತ್ತರಿಸಿ, ತಲೆಯೊಳಗೆ ತೂರಿಸಿ ಒತ್ತುವುದು. ಹಸಿರಿನ ಜೋಡಿ ಮಾತ್ರ ನೀಲಿಯ ಆಚೀಚೆ ಏಕೆ ದೂರ ಕೂತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಡುವಿನ ಎರಡು ಮುಳ್ಳು ಟೆಲಿಫೋನಿನ ಹಳೆಯ ಹಕ್ಕು. ಈಥರ್ನೆಟ್ ಅದನ್ನು ಬಿಟ್ಟು ಸುತ್ತಲೂ ಕೂತಿತು. ಸ್ವಿಚ್ಚಿಗೆ ದುಡ್ಡಿಲ್ಲದ ಇಬ್ಬರೇ ಆಡುವುದಾದರೆ ಒಂದು ತುದಿಯಲ್ಲಿ ಕಿತ್ತಳೆ ಮತ್ತು ಹಸಿರನ್ನು ಅದಲು ಬದಲು ಮಾಡಿ ಕ್ರಾಸ್‌ಓವರ್ ಕೇಬಲ್ ಕಟ್ಟಬೇಕು, ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸರಿಯಾಗಿ ಬರಲು.

ಆಮೇಲೆ ಯಾರೋ ಒಬ್ಬ ಸರ್ವರ್ ಮಾಡುತ್ತಾನೆ. ಲೇ, ಐಪಿ ಹೇಳೋ. ಒನ್ ನೈನ್ಟಿ ಟು, ಒನ್ ಸಿಕ್ಸ್ಟಿ ಎಯ್ಟ್, ಜ಼ೀರೋ, ಸೆವೆನ್. ಪಿಂಗ್ ಹೊಡಿ, ಬಂತಾ? ಬಂತು! ಕಪ್ಪು ಪರದೆಯಲ್ಲಿ ರಿಪ್ಲೈ ಎಂಬ ನಾಲ್ಕು ಸಾಲು ಬೀಳುವುದನ್ನು ನೋಡುವುದು ಎಂಥ ನೆಮ್ಮದಿ. ಸಿಎಸ್ ಆಟದ ಡಸ್ಟ್ 2 ನಕ್ಷೆಯ ಮರಳು ಬಣ್ಣದ ಓಣಿಗಳು ಅರಬ್ಬಿ ನಾಡಿನವಿರಬಹುದು, ಅಲ್ಲಿ ಮೊಳಗುತ್ತಿದ್ದದ್ದು ಹಾಸನ, ದಾವಣಗೆರೆ, ಬೆಳಗಾವಿಯ ಕನ್ನಡ. ಟನಲ್‌ನಾಗ ಅದಾನ ನೋಡ್ಲೇ! ಬಾಂಬ್ ಯಾರ್ ಹತ್ರ ಇದೆ ಮಾರಾಯ? ಊರಿನವನೆಂದು ಬಿಟ್ಟೆ ಎಂದು ಸತ್ತವನಿಗೆ ಹೇಳುವ ಔದಾರ್ಯ. ಸತ್ತವರು ಮುಂದಿನ ಸುತ್ತಿನವರೆಗೆ ಬದುಕಿರುವವರ ಬೆನ್ನಿಗೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಸಲಹೆ ಕೊಡಬಾರದೆಂಬ ನಿಯಮವನ್ನು ಪ್ರತಿ ಸುತ್ತಿನಲ್ಲೂ ಮುರಿಯುತ್ತಿದ್ದರು.

ಇದನ್ನು ಓದಿ ಕೈ ತುರಿಸುವವರಿಗೆ ಒಂದು ಮಾತು. ಡೂಮ್‌ನ ಶೇರ್‌ವೇರ್ ಕಂತು ಈಗಲೂ ಉಚಿತವಾಗಿ ಸಿಗುತ್ತದೆ, ಒಂಬತ್ತು ಹಂತ, ನೆಟ್‌ವರ್ಕ್ ಆಟವೂ ಅದರಲ್ಲೇ ಉಂಟು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಳೆಯ ಡಾಸ್ ಯಂತ್ರವನ್ನು ಅನುಕರಿಸುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಐಪಿಎಕ್ಸ್ ಆನ್ ಮಾಡಿ, ಒಂದು ಲ್ಯಾಪ್‌ಟಾಪಿನಲ್ಲಿ ಐಪಿಎಕ್ಸ್‌ನೆಟ್ ಸ್ಟಾರ್ಟ್‌ಸರ್ವರ್ ಎಂದೂ, ಉಳಿದವುಗಳಲ್ಲಿ ಐಪಿಎಕ್ಸ್‌ನೆಟ್ ಕನೆಕ್ಟ್ ಎಂದು ಬರೆದು ಮುಂದೆ ಮೊದಲಿನದರ ವಿಳಾಸವನ್ನೂ ಕೊಟ್ಟರೆ ಆಯಿತು. ಜಂಪರ್ ಕೀಳಬೇಕಿಲ್ಲ, ಟರ್ಮಿನೇಟರ್ ಹುಡುಕಬೇಕಿಲ್ಲ. ಒಂದೇ ಷರತ್ತು: ಇಂಟರ್ನೆಟ್ಟಿನಲ್ಲಿ ಆಡಬೇಡಿ. ಆಡುವವರೆಲ್ಲ ಒಂದೇ ಕೋಣೆಯಲ್ಲಿ ಕೂತುಕೊಳ್ಳಿ.